ಹೋಗು ಎಂದರೆ ನಿಲ್ಲುವ ಸೊಸೆ

ಜನವರಿ ೨, ಗುರುವಾರ

ಯಾರದು? ಮೊದಲು ಕೈ ತೆಗೆ. ಇನ್ನೊಬ್ಬರ ದಿನಚರಿ ತೆರೆಯುವುದೂ ಇನ್ನೊಬ್ಬರ ತಟ್ಟೆಗೆ ಕೈ ಹಾಕುವುದೂ ಒಂದೇ. ಮಲ್ಲಣ್ಣ, ನೀನಾಗಿದ್ದರೆ ಅಂಗಡಿಗೆ ನಡೆ. ಸುಲ್ತಾನ್ ಬಜಾರಿನಲ್ಲಿ ಗಿರಾಕಿಗಳು ಜಂಪರಿನ ಬಟ್ಟೆ ಹಿಡಿದು ಬಣ್ಣ ಬಿಡುತ್ತದೋ ಇಲ್ಲವೋ ಎಂದು ಕೇಳುತ್ತಾ ನಿಂತಿರುತ್ತಾರೆ, ನೀನಿಲ್ಲಿ ಹೆತ್ತವಳ ಬರಹದಲ್ಲಿ ತಪ್ಪು ಹುಡುಕುತ್ತಿದ್ದೀಯ. ಪಿಂಕಿ, ನೀನಾಗಿದ್ದರೆ, ಅಂಗಡಿಯ ಬೋರ್ಡು ಓದಲಿಕ್ಕೇ ತಿಣುಕುವ ನಿನಗೆ ಅಜ್ಜಿಯ ಕನ್ನಡ ಮಾತ್ರ ಹೇಗೆ ಬಂತು? ಸ್ನೇಹಲತಾ, ನೀನಾಗಿದ್ದರೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಓಡು. ಉಕ್ಕದಿದ್ದರೂ ಓಡು.

ಮಗ, ಮೊಮ್ಮಗಳು, ಸೊಸೆ ಮೂವರನ್ನೂ ಬೈದದ್ದಾಯಿತು. ಇನ್ನು ನಿಶ್ಚಿಂತೆಯಾಗಿ ಬರೆಯಬಹುದು.

ನಾನು ಸೇಡಂ ಕಡೆಯ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಐದನೆಯದು ಯಾಕೆ ಓದಲಿಲ್ಲ ಎಂದರೆ ಮಾಸ್ತರರೇ ಊರು ಬಿಟ್ಟು ಹೋದರು. ನನ್ನಿಂದಲೇ ಹೋದರು ಎಂದು ಕೆಲವರು ಹೇಳುತ್ತಾರೆ. ಈ ದಿನಚರಿಯನ್ನು ಸೂರತ್ತಿನ ವ್ಯಾಪಾರಿಯೊಬ್ಬ ಮಲ್ಲಣ್ಣನಿಗೆ ಪುಕ್ಕಟೆ ಕೊಟ್ಟ, ಮಲ್ಲಣ್ಣ ನನಗೆ ಕೊಟ್ಟ. ನಿನ್ನೆ ಏನೂ ಆಗಲಿಲ್ಲ, ಹಾಗಾಗಿ ನಿನ್ನೆಯ ಹಾಳೆ ಖಾಲಿ. ಇವತ್ತು ಆಯಿತು.

ಸ್ನೇಹಲತಾ ಮದುವೆಗೆ ಮುಂಚೆ ಬೀದರಿನಲ್ಲಿ ಔಷಧಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಆಗಿನ ಗೆಳತಿ ಮಂದಾಕಿನಿ ಈಗ ಊರಾಚೆ ಪಟಾನ್‌ಚೆರುವಿನ ಒಂದು ಔಷಧದ ಕಾರ್ಖಾನೆಯಲ್ಲಿದ್ದಾಳೆ. ಅಲ್ಲಿ ಒಂದು ಜಾಗ ಖಾಲಿಯಿದೆಯಂತೆ, ಅದೇ ಪರೀಕ್ಷೆಯ ಕೋಣೆಯಲ್ಲಿ. ಊಟಕ್ಕೆ ಕೂತಾಗ ಸ್ನೇಹಲತಾ ಇದನ್ನು ಹೇಳಿದಳು. ಮಲ್ಲಣ್ಣ ತಟ್ಟೆ ನೋಡಿದ. ಪಿಂಕಿ ಚಪ್ಪಾಳೆ ಹೊಡೆದಳು. ನಾನು ಮಜ್ಜಿಗೆ ಕೇಳಿದೆ.

ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವ ಕೆಲಸ. ರೊಟ್ಟಿ ಬಡಿಯುವವರು ಯಾರು? ನನ್ನ ಮಣಿಕಟ್ಟು ನೋಯುತ್ತದೆ. ಎಷ್ಟೋ ವರ್ಷದಿಂದ ನೋಯುತ್ತಿದೆ, ಅವಳು ಈ ಮನೆಗೆ ಕಾಲಿಟ್ಟ ವಾರದಿಂದಲೇ.

ಇದನ್ನು ನಿಲ್ಲಿಸಬೇಕು. ಆದರೆ ಬೇಡ ಎನ್ನುವ ಹಾಗಿಲ್ಲ. ಈ ಸೊಸೆಯ ಸ್ವಭಾವ ನನಗೆ ಗೊತ್ತು. ಪಿಂಕಿಯನ್ನು ಇಂಗ್ಲಿಷ್ ಶಾಲೆಗೆ ಹಾಕಬೇಡ ಎಂದೆ, ಹಾಕಿದಳು. ಅಡುಗೆಮನೆಗೆ ಹಳದಿ ಬಣ್ಣ ಬೇಡ ಎಂದೆ, ಈಗ ಒಳಗೆ ಹೋದರೆ ಅರಿಶಿನದ ಡಬ್ಬಿಯಲ್ಲಿ ಬಿದ್ದ ಹಾಗಾಗುತ್ತದೆ. ನಾನು ಎತ್ತು ಎಂದರೆ ಇಳಿಸುತ್ತಾಳೆ, ಇಳಿಸು ಎಂದರೆ ಎತ್ತುತ್ತಾಳೆ. ಆದ್ದರಿಂದ ಹೋಗು ಎನ್ನುತ್ತೇನೆ. ಗೂಟ ಬಡಿದ ಹಾಗೆ ಮನೆಯಲ್ಲೇ ನಿಲ್ಲುತ್ತಾಳೆ.

ಜನವರಿ ೫, ಭಾನುವಾರ

ಉಪಾಯ ಶುರು ಮಾಡಿದೆ. ಸ್ನೇಹಲತಾ ಕೊತ್ತಂಬರಿ ಸೋಸುತ್ತಾ ಕೂತಿದ್ದಳು.

"ಸ್ನೇಹಾ, ಆ ಕೆಲಸ ಭಾಳ ಚಲೋ ಐತಿ. ಹೋಗು."

ಅವಳ ಕೈ ನಿಂತಿತು.

"ಅತ್ತೀರಿ, ಬಿಪಿ ಗುಳಿಗಿ ತಗೊಂಡೀರಿಲ್ಲ?"

"ತಗೊಂಡೀನಿ."

"ಎರಡು ತಗೊಂಡೀರೇನು?"

"ಒಂದೇ ತಗೊಂಡೀನಿ. ಓದಿದಾಕಿ ನೀ, ಹಿಂಗ ಕೊತ್ತಂಬರಿ ಮುಂದ ಕುಂಡ್ರಬಾರದು."

ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಮಲ್ಲಣ್ಣನನ್ನು ಒಳಗೆ ಕರೆದಳು. ಇಬ್ಬರೂ ಪಿಸುಗುಟ್ಟಿದರು. ಮಲ್ಲಣ್ಣ ಹೊರಗೆ ಬಂದು, "ಯವ್ವಾ, ಇವತ್ತ ಯಾವ ವಾರ ಹೇಳು ನೋಡೋಣು" ಎಂದ.

"ನೀ ಅಂಗಡಿಗೆ ಹೋಗದ ವಾರ" ಎಂದೆ. ಬುದ್ಧಿ ನೆಟ್ಟಗಿದೆ ಎಂದು ಸಮಾಧಾನ ಮಾಡಿಕೊಂಡು ಹೋದ.

ಜನವರಿ ೭, ಮಂಗಳವಾರ

ಅನ್ನಮ್ಮನನ್ನು ಕೇಳೋಣ ಎಂದು ಹೋದೆ. ಪಕ್ಕದ ಮನೆಯವಳು, ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ರಿಟೈರ್ ಆದವಳು. ಅವಳು ತೆಲುಗು ಆಡುತ್ತಾಳೆ, ನಾನು ಕನ್ನಡ ಆಡುತ್ತೇನೆ. ಏನೂ ತೊಂದರೆಯಿಲ್ಲ. ಇಬ್ಬರೂ ಹೇಗಿದ್ದರೂ ಇನ್ನೊಬ್ಬರು ಯಾವಾಗ ಮುಗಿಸುತ್ತಾರೆ ಎಂದು ಕಾಯುತ್ತಿರುತ್ತೇವೆ. ಅವಳ ಮಾತನ್ನು ನನ್ನ ಭಾಷೆಯಲ್ಲೇ ಬರೆಯುತ್ತೇನೆ.

"ಅರೆ ಸೂಗಮ್ಮಗಾರೂ, ಒಳ್ಳೇದು ಕುಡಿ ಅಂದ್ರ ಯಾರೂ ಔಷಧ ಕುಡಿಯಂಗಿಲ್ಲ. ಸಾಯ್ತಿ ಅಂದ್ರೂ ಕುಡಿಯಂಗಿಲ್ಲ. ಬಾಜೂ ಮಂಚದಾಂವ ಗಟಗಟ ಕುಡಿದ ಅನ್ನಬೇಕು. ಆವಾಗ ಬಾಟ್ಲಿ ಸೈತ ನೆಕ್ತಾರ."

"ಕುಡಿಸೋದಲ್ಲವ್ವ, ನನಗ ಬಿಡಿಸಬೇಕಾಗೈತಿ."

"ಅದು ನಮಗ ಕಲಿಸಿಲ್ಲ. ನಮ್ಮ ಡ್ಯೂಟಿ ಕುಡಿಸೋದು."

ಆದರೂ ಬಾಜೂ ಮಂಚದ ಮಾತು ತಲೆಯಲ್ಲಿ ಉಳಿಯಿತು. ಇನ್ನೊಬ್ಬಳನ್ನು ಹೊಗಳಿದರೆ ಸ್ನೇಹಲತಾಗೆ ಉರಿಯುತ್ತದೆ, ಉರಿದರೆ ಹೋಗುವುದೇ ಇಲ್ಲ ಎಂದು ಹಟ ಹಿಡಿಯುತ್ತಾಳೆ ಎಂದುಕೊಂಡೆ. ಸಂಜೆ ಅವಳಿಗೆ ಕೇಳುವ ಹಾಗೆ ಕಿಟಕಿಗೆ ಹೇಳಿದೆ: "ಮೂರನೇ ಮಾಳಿಗಿ ಹುಡುಗಿ ನೋಡು, ಎರಡು ಕೂಸು ಕಟಗೊಂಡು ಬ್ಯಾಂಕಿಗೆ ಹೋಗ್ತಾಳ. ಎಲ್ಲಾರಿಗೂ ಆಗಂಗಿಲ್ಲ ಬಿಡು ಅದು."

ಉರಿಯಿತು, ಸರಿ. ಆದರೆ ಅವಳು ಪಿಂಕಿಯನ್ನು ಕೂರಿಸಿಕೊಂಡು ಕಾರ್ಖಾನೆಗೆ ಅರ್ಜಿ ಕಳಿಸಿಬಿಟ್ಟಳು. ಅನ್ನಮ್ಮನ ಮುಖ ಇನ್ನು ಎರಡು ದಿನ ನೋಡುವುದಿಲ್ಲ.

ಜನವರಿ ೧೨, ಭಾನುವಾರ

ಕಾಲು ನೋಯುತ್ತಿವೆ. ಆದರೂ ಬರೆಯಲೇಬೇಕು.

ಬೆಳಿಗ್ಗೆ ಸ್ನೇಹಲತಾ ತಾನಾಗಿಯೇ ಹೇಳಿದಳು: "ದೂರ ಭಾಳ ಆಗ್ತೈತಿ ಅತ್ತೀರಿ. ಮಿಯಾಪುರದ ತನಕ ಮೆಟ್ರೋ, ಅಲ್ಲಿಂದ ಕಾರ್ಖಾನಿ ಬಸ್ಸು. ಬ್ಯಾಡ ಬಿಡ್ರಿ."

ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡು ಎಲೆಗೆ ಸುಣ್ಣ ಹಚ್ಚಿದ್ದರೆ ಸಾಕಿತ್ತು. ಆದರೆ ನಾಲಿಗೆ ಎಂಬುದು ಸಾಕಿದ ನಾಯಿಯಲ್ಲ. "ದೂರ ಅಂದ್ರ ಎಷ್ಟ ದೂರ? ರೈಲು ಎಳಿಯೋದು ನೀನೇನು? ನಡಿ, ನಾನೂ ಬರ್ತೀನಿ, ನೋಡೇ ಬಿಡೋಣು" ಎಂದೆ. ನಮ್ಮ ಮನೆಯ ಸೊಸೆ ಒಂದು ರೈಲಿಗೆ ಅಂಜಿದಳು ಎಂದು ಆ ಮಂದಾಕಿನಿ ಬೀದರಿನಲ್ಲೆಲ್ಲಾ ಹೇಳಿಕೊಂಡು ತಿರುಗಬಾರದಲ್ಲ, ಅದಕ್ಕೆ.

ದಿಲ್‌ಸುಖ್‌ನಗರದ ಸ್ಟೇಷನ್ನಿನಲ್ಲಿ ಓಡುವ ಮೆಟ್ಟಿಲಿದೆ. ಅದರ ಮುಂದೆ ನಿಂತು ಒಂದು ಕಾಲು ಎತ್ತಿದೆ, ಇಟ್ಟೆ, ಮತ್ತೆ ಎತ್ತಿದೆ. ಹಿಂದೆ ಕೋಚಿಂಗಿಗೆ ಹೋಗುವ ಮಕ್ಕಳ ಸಾಲೇ ನಿಂತಿತು. ಒಬ್ಬ ಹುಡುಗ "ಆಂಟೀ, ಜಲ್ದಿ" ಎಂದ. ಆಂಟಿ ಎಂದದ್ದಕ್ಕೆ ಜಲ್ದಿ ಎಂದದ್ದನ್ನು ಕ್ಷಮಿಸಿದೆ. ಸ್ನೇಹಲತಾ ನನ್ನ ಸೊಂಟ ಹಿಡಿದು ಜೋಳದ ಚೀಲ ಎತ್ತುವ ಹಾಗೆ ಎತ್ತಿ ಇಟ್ಟಳು. ಮೇಲೆ ಹೋದ ಮೇಲೆ ಇನ್ನೊಮ್ಮೆ ಹತ್ತಬೇಕು ಎನಿಸಿತು. ಹೇಳಲಿಲ್ಲ.

ಅಲ್ಲಿ ಚೀಲಗಳನ್ನು ಒಂದು ಪೆಟ್ಟಿಗೆಯೊಳಗೆ ನುಗ್ಗಿಸಿ ನೋಡುತ್ತಾರೆ. ನನ್ನ ಎಲೆಚೀಲ ನುಗ್ಗಿತು, ಪೆಟ್ಟಿಗೆ ನಿಂತಿತು. ಕಾವಲಿನವನು ಅಡಿಕೆ ಕತ್ತರಿಸುವ ಅಡಕೊತ್ತನ್ನು ಎರಡು ಬೆರಳಲ್ಲಿ ಹಿಡಿದು, ಇದು ಹತಿಯಾರ, ಒಳಗೆ ಬಿಡುವುದಿಲ್ಲ ಎಂದ. ನಾನು ಕನ್ನಡದಲ್ಲಿ ಬೈದೆ, ಅವನು ಹಿಂದಿಯಲ್ಲಿ ತಲೆ ಆಡಿಸಿದ. ಆಗ ಸ್ನೇಹಲತಾ ಮುಂದೆ ಬಂದಳು. ಮನೆಯಲ್ಲಿ ನನ್ನ ಮುಂದೆ ಗೊಣಗುವವಳು, ಹೊರಗೆ ನೋಡಬೇಕು ಅವಳ ಹಿಂದಿ!

"ಭಯ್ಯಾ, ಯೇ ಮೇರಿ ಸಾಸ್ ಹೈ. ಇನ್ಕೀ ಜಬಾನ್ ಇಸ್‌ಸೇ ಜ್ಯಾದಾ ತೇಜ್ ಹೈ. ವೋ ಭೀ ಜಮಾ ಕರ್ ಲೇತೇ ಕ್ಯಾ?"

ನನ್ನ ಅತ್ತೆಯ ನಾಲಿಗೆ ಇದಕ್ಕಿಂತ ಹರಿತ, ಅದನ್ನೂ ಇಲ್ಲೇ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾವಲಿನವನೂ ನಕ್ಕು ಬಿಟ್ಟ. ನನಗೆ ಸಿಟ್ಟು ಬರಬೇಕಾಗಿತ್ತು. ಜನಸಂದಣಿಯಲ್ಲಿ ಬರಲಿಲ್ಲ.

ಹೆಂಗಸರ ಡಬ್ಬಿಯಲ್ಲಿ ಒಬ್ಬಳು ಪಕ್ಕದ ಜಾಗದಲ್ಲಿ ತನ್ನ ಚೀಲ ಕೂರಿಸಿದ್ದಳು. "ನಿನ್ನ ಚೀಲಕ್ಕೂ ಟಿಕೀಟು ತಗಸೀಯೇನವ್ವ?" ಎಂದೆ. ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಚೀಲ ಎದ್ದಿತು.

"ನೀವ ಕುಂಡ್ರಿ ಅತ್ತೀರಿ."

"ನಾ ಒಂದಿನದಾಕಿ. ನೀ ದಿನಾ ಬರಾಕಿ. ಕುಂತು ರೂಢಿ ಮಾಡ್ಕೋ."

ಮಿಯಾಪುರದವರೆಗೂ ಹೋದೆವು. ಕಾರ್ಖಾನೆಗಳ ಬಸ್ಸು ನಿಲ್ಲುವ ಜಾಗ ಯಾವುದು, ನೆರಳಿದೆಯೇ, ಹತ್ತಿರ ಹೆಂಗಸರ ಪಾಯಖಾನೆ ಇದೆಯೇ ಎಂದು ಚಹಾದ ಬಂಡಿಯವನನ್ನು ವಿಚಾರಿಸಿದೆ. ಇದೆಲ್ಲಾ ನನ್ನ ಉಪಾಯದ ಭಾಗ. ಹೋಗು ಎಂದ ಮೇಲೆ ಮನಸ್ಸಿಟ್ಟು ಹೋಗು ಎಂದ ಹಾಗೆ ಕಾಣಬೇಕು.

ಜನವರಿ ೧೩, ಸೋಮವಾರ

ಭೋಗಿ. ಸ್ನೇಹಲತಾ ಕಾರ್ಖಾನೆಯ ಕೆಲಸಕ್ಕೆಂದು ಹಳೆಯ ಪುಸ್ತಕ ತೆರೆದು ಬಾಯಿಪಾಠ ಮಾಡುತ್ತಿದ್ದಳು. ಹಬ್ಬದ ದಿನ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಲ್ಲ ಎಂದರೆ ಹೇಗೆ ಎಂದು ನಾನೇ ಬಡಿದೆ. ಎಲ್ಲರಿಗೂ ಆದವು, ಅನ್ನಮ್ಮನಿಗೂ ಆದವು. ಮಣಿಕಟ್ಟು ನೋಯಲಿಲ್ಲ. ಬಿಸಿಲು ಚೆನ್ನಾಗಿತ್ತು, ಅದಕ್ಕಿರಬೇಕು.

ಜನವರಿ ೨೦, ಸೋಮವಾರ

ಇವತ್ತು ಅವಳನ್ನು ಮಾತಾಡಿಸಿ ನೋಡಲಿಕ್ಕೆ ಕಾರ್ಖಾನೆಗೆ ಕರೆದಿದ್ದರು. ಹಸಿರು ಸೀರೆ ಉಟ್ಟಳು. ಬೇರೆ ಉಡು ಎಂದೆ, ಅದನ್ನೇ ಉಟ್ಟಳು. ಅದೇ ಚೆನ್ನಾಗಿತ್ತು.

ಒಂದು ಕಾಲು ಹೊಸ್ತಿಲ ಆಚೆ ಇಟ್ಟಿದ್ದಳು. ಮಲ್ಲಣ್ಣ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುತ್ತಿದ್ದವನು ಸೀನಿದ. ಒಂದೇ ಒಂದು.

ಹೊರಡುವಾಗ ಒಂಟಿ ಸೀನು ಬಿದ್ದರೆ ಕೆಲಸ ಕೆಡುತ್ತದೆ, ಜೋಡಿ ಬಿದ್ದರೆ ಗೆಲ್ಲುತ್ತದೆ. ಎಲ್ಲರೂ ನಿಂತಲ್ಲೇ ಕಲ್ಲಾದೆವು. ಮಲ್ಲಣ್ಣ ಬಾಯಿ ತೆರೆದುಕೊಂಡು ಇನ್ನೊಂದಕ್ಕೆ ಕಾದ. ಬರಲಿಲ್ಲ.

"ಪಪ್ಪಾ, ಇನ್ನೊಂದು! ಟ್ಯೂಬಲೈಟ್ ನೋಡ್ರಿ, ಬರ್ತೈತಿ!" ಎಂದಳು ಪಿಂಕಿ. ಅವನು ಟ್ಯೂಬಲೈಟ್ ನೋಡಿದ. ಮತ್ತೆ ಪೌಡರ್ ಮೂಸಿದ. ಬೇಡದಾಗ ಹತ್ತು ಬರುತ್ತವೆ, ಬೇಕಾದಾಗ ಇವನ ಮೂಗೂ ಇವನ ಹಾಗೆಯೇ.

ಸ್ನೇಹಲತಾ ಆಚೆಯ ಕಾಲನ್ನು ಈಚೆಗೆ ತೆಗೆದುಕೊಂಡಳು. "ಬಿಡ್ರಿ. ಶಕುನಾನ ಸರಿ ಇಲ್ಲ" ಎಂದು ಚೀಲವನ್ನು ಕುರ್ಚಿಯ ಮೇಲಿಡಲು ಹೋದಳು.

ಆಗ ನಾನು ಸೀನಿದೆ. ಬಾಲ್ಕನಿಯ ಪಾರಿವಾಳಗಳು ಹಾರಿಹೋದವು.

ಮಲ್ಲಣ್ಣ ನನ್ನನ್ನೇ ನೋಡಿದ. "ಯವ್ವಾ, ಅದು ಸೀನೋ, ಬೈಗುಳೋ?"

"ನಿಂದೊಂದು, ನಂದೊಂದು. ಮನ್ಯಾಗ ಬಿದ್ದದ್ದು ಮನೀ ಲೆಕ್ಕ. ಜೋಡಿ ಆತು. ನಡಿ ನಡಿ, ಬಸ್ಸೇನು ನಿಮ್ಮಪ್ಪಂದೇನು ನಿಲ್ಲಾಕ?"

ಹೋದಳು.

ಮೂಗು ಕಡಿಯಿತು, ಸೀನಿದೆ. ಒಗ್ಗರಣೆಯ ಘಾಟು. ಇವತ್ತಿನ ಒಗ್ಗರಣೆ ಇನ್ನೂ ಹಾಕಿರಲಿಲ್ಲ, ನಿಜ. ನಿನ್ನೆಯ ಘಾಟು ಎಲ್ಲಿಗೆ ಹೋಗುತ್ತದೆ?

ಅದೇ ದಿನ, ಮಧ್ಯಾಹ್ನ

ಪಿಂಕಿ ಕಾಲೇಜಿಗೆ ಹೋದಳು, ಮಲ್ಲಣ್ಣ ಅಂಗಡಿಗೆ ಹೋದ. ಊಟಕ್ಕೆ ಕೂತು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಗಟ್ಟಿಯಾಗಿ ಹೇಳಿದೆ. "ನಿಮ್ಮ ನಾಲಿಗಿಗೆ ಸಮುದ್ರ ಸುರುವಿದ್ರೂ ಕಮ್ಮೀನೇ" ಎಂದು ಯಾರೂ ಅನ್ನಲಿಲ್ಲ. ಫ್ರಿಜ್ಜು ಒಮ್ಮೆ ಗುರ್ ಎಂದಿತು. ಅದಕ್ಕೆ ನಾಲ್ಕು ಮಾತು ಹೇಳಿದೆ. ಸುಮ್ಮನಾಯಿತು.

ಅನ್ನಮ್ಮನ ಮನೆಗಾದರೂ ಹೋಗಿ ಜಗಳ ತೆಗೆಯೋಣ ಎಂದು ಹೋದೆ. "ನಿಮ್ಮ ಏಸುಸ್ವಾಮಿ ಕ್ಯಾಲೆಂಡರ್ ವಾಲೈತಿ, ಒಂದು ಮೊಳಿ ನೆಟ್ಟಗ ಹೊಡೆಯಾಕ ಬರಂಗಿಲ್ಲೇನು?" ಎಂದೆ. ಅವಳು "ಅವುನಂಡಿ, ಕರೆಕ್ಟ್" ಎಂದು ಎದ್ದು ಸರಿಮಾಡಿ, ಕೇಕು ಕೊಟ್ಟಳು. ಇಂಥವರ ಪಕ್ಕ ಹೇಗೆ ಬಾಳುವುದು?

ಜನವರಿ ೨೪, ಶುಕ್ರವಾರ

ಅವಳನ್ನು ಆರಿಸಿದ್ದಾರೆ. ಬರುತ್ತೇನೋ ಇಲ್ಲವೋ ಎಂದು ಈ ತಿಂಗಳು ಮುಗಿಯುವುದರೊಳಗೆ ತಿಳಿಸಬೇಕಂತೆ. ಇಲ್ಲದಿದ್ದರೆ ಇನ್ನೊಬ್ಬರನ್ನು ಕರೆಯುತ್ತಾರಂತೆ.

ಮಲ್ಲಣ್ಣ "ನಿನ್ನ ಇಷ್ಟ" ಎಂದ. ಗಂಡಸರು ನಿನ್ನ ಇಷ್ಟ ಎನ್ನುವುದು ಇಷ್ಟ ಕೇಳಲಿಕ್ಕಲ್ಲ, ನಾಳೆ ಕೆಟ್ಟರೆ ನಾನೆಲ್ಲಿ ಹೇಳಿದ್ದೆ ಎನ್ನಲಿಕ್ಕೆ. ಪಿಂಕಿ "ಹೆಣ್ಣುಮಕ್ಕಳು ತಮ್ಮ ಕಾಲ ಮ್ಯಾಲ ನಿಲ್ಲಬೇಕು ಮಮ್ಮಿ" ಎಂದು ಭಾಷಣ ಮಾಡಿದಳು. ಅಮ್ಮ ಸಂಜೆಯ ತನಕ ಮನೆಯಲ್ಲಿರದಿದ್ದರೆ ಫೋನನ್ನು ಯಾರೂ ಕಸಿದುಕೊಳ್ಳುವುದಿಲ್ಲವಲ್ಲ, ಅದು ಅವಳ ಕಾಲು. ಈ ಲೋಕದಲ್ಲಿ ಪ್ರತಿಯೊಂದು ಕಾರಣಕ್ಕೂ ಹೊರಗೆ ಒಂದು ಸೀರೆ, ಒಳಗೆ ಒಂದು ಲಂಗ ಇರುತ್ತದೆ. ಜನ ಸೀರೆಯ ಅಂಚು ನೋಡಿ ಹೊಗಳುತ್ತಾರೆ. ನಿಂತಿರುವುದು ಲಂಗದ ಲಾಡಿಯ ಮೇಲೆ.

ಸ್ನೇಹಲತಾ ಮಾತ್ರ ಎದ್ದು ಹೋಗಿ ನಾಳೆಯ ಕಾಳು ನೆನೆಹಾಕಿದಳು.

ಜನವರಿ ೨೭, ಸೋಮವಾರ

ಗೆದ್ದೆ.

ಬಟ್ಟೆ ಒಣಹಾಕುತ್ತಾ ಅವಳು ಮಂದಾಕಿನಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಇಲ್ಲವಾ, ಆಗಂಗಿಲ್ಲ. ನಮ್ಮತ್ತಿಗೆ ವಯಸ್ಸಾಗೈತಿ. ಒಬ್ಬರೇ ಇರ್ತಾರ. ಗುಳಿಗಿ ಯಾರು ಕೊಡಬೇಕು?"

ಉಪಾಯ ಫಲಿಸಿತು. ಇವತ್ತು ಸಂತೋಷದ ದಿನ.

ಪಲ್ಯ ಹೊತ್ತಿಸಿದೆ. ಸೌಟನ್ನು ಎಸೆದೆ. ಗುಳಿಗೆ ಕೊಡುತ್ತಾಳಂತೆ! ನನ್ನ ಗುಳಿಗೆ ನಾನೇ ನುಂಗುತ್ತೇನೆ, ಅವಳ ಕ್ಯಾಲ್ಸಿಯಂ ಗುಳಿಗೆಯನ್ನೂ ನಾನೇ ನೆನಪಿಸುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳಿಗೆ ನೆಲ ಸಿಗಲಿಲ್ಲ, ನಾನು ಸಿಕ್ಕೆ.

ಜನವರಿ ೨೮, ಮಂಗಳವಾರ

ಸುಮ್ಮನಿರಲು ಆಗಲಿಲ್ಲ. ಅವಳು ಹಿಟ್ಟು ಜರಡಿ ಹಿಡಿಯುವಾಗ ಹೋಗಿ ಎದುರು ಕೂತೆ.

"ನಾ ಡೊಂಕು ನೆಲ ಏನು?"

"ಏನಂತೀರಿ ಅತ್ತೀರಿ?"

"ಆಗಂಗಿಲ್ಲ ಅನ್ನಾಕ ನನ್ನ ಹೆಸರು ಯಾಕ ಬೇಕಾತು ನಿನಗ? ನಾ ಏನು ತೊಟ್ಟಿಲ ಕೂಸೇನು?"

ಅವಳು ಜರಡಿ ಕೆಳಗಿಟ್ಟಳು. ಹಿಟ್ಟಿನಲ್ಲಿ ಬೆರಳಾಡಿಸಿದಳು.

"ಅಂಜಿಕಿ ಅತ್ತೀರಿ. ನಾ ಇದ್ದಾಗ ಗಾಜಿನ ಕೊಳವಿ ಇದ್ವು. ಈಗ ಎಲ್ಲಾ ಮಷೀನು, ಎಲ್ಲಾ ಕಂಪ್ಯೂಟರಿನ್ಯಾಗ. ನನ್ನಕಿಂತ ಸಣ್ಣ ಹುಡುಗೀರು ಪಟಪಟ ಮಾಡ್ತಾರ. ಅವತ್ತ ಅಲ್ಲಿ ಕೈ ನಡುಗಿದ್ವು. ಅದೂ ಅಲ್ಲದ..." ಎಂದು ನಿಲ್ಲಿಸಿದಳು.

"ಏನು ಅದೂ ಅಲ್ಲದ?"

"ನೀವು ಎಂದೂ ಇಲ್ಲದ್ದು ಹೋಗು ಹೋಗು ಅನ್ನಾಕತ್ತೀರಿ. ರೈಲಿನ್ಯಾಗ ಸೀಟು ಹಿಡಿದು ಕೊಟ್ರಿ. ಸುಳ್ಳ ಸೀನಿದ್ರಿ. ನಾ ಮನ್ಯಾಗ ಇರೋದ ಇವರಿಗೆ ಸಾಕಾಗೈತಿ, ಹೊರಗ ಹಾಕಾಕ ನೋಡಾಕತ್ತಾರ ಅಂತ ತಿಳೀತು. ಹಂಗಾರ ಹೋಗಂಗೇ ಇಲ್ಲ ಅಂತ ನಿಶ್ಚಯ ಮಾಡಿದೆ."

ನೋಡಿದೆಯಾ! ಹೋಗು ಎಂದರೆ ನಿಲ್ಲುತ್ತಾಳೆ ಎಂದು ಮೊದಲನೇ ದಿನವೇ ಬರೆದಿದ್ದೆನೋ ಇಲ್ಲವೋ? ನನ್ನಂಥ ಜಾಣೆ ಈ ಓಣಿಯಲ್ಲಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಜಾಣತನ ನನಗೇ ಬೇಡವಾಗಿತ್ತು. ಹಾಗಾದರೆ ಉಲ್ಟಾ ಹೊಡೆಯೋಣ ಎಂದು ಕಣ್ಣು ದೊಡ್ಡದು ಮಾಡಿ, ಧ್ವನಿ ಏರಿಸಿ ಹೇಳಿದೆ:

"ಹೋಗಬ್ಯಾಡ! ಈ ಮನೀ ಹೊಸ್ತಿಲ ದಾಟಿದ್ರ ನೋಡು! ನಾ ಇರೂತನಕ ಸೊಸಿ ಕೆಲಸಕ್ಕ ಹೋಗೋದು ಆಗಂಗಿಲ್ಲ!"

ಇನ್ನು ಸೆರಗು ಕಟ್ಟಿಕೊಂಡು ಜಗಳಕ್ಕೆ ನಿಲ್ಲುತ್ತಾಳೆ, ಹೋಗೇ ಹೋಗುತ್ತೇನೆ ಎನ್ನುತ್ತಾಳೆ ಎಂದು ಕಾದೆ.

"ಆತ್ರಿ ಅತ್ತೀರಿ" ಎಂದಳು. ಎಂದು ಮತ್ತೆ ಜರಡಿ ಹಿಡಿದಳು.

ಹಾಳಾದವಳು! ಮದುವೆಯಾಗಿ ಬಂದಾಗಿನಿಂದ ಒಂದು ಮಾತು ಕೇಳಿದವಳಲ್ಲ. ಕೇಳಬಾರದ ದಿನ ನೋಡಿ ಕೇಳಿದಳು.

ಜನವರಿ ೨೯, ಬುಧವಾರ

ಅಮಾವಾಸ್ಯೆ. ಅನ್ನಮ್ಮನ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಹೋಗು ಎಂದೆ, ನಿಂತಳು. ನಿಲ್ಲು ಎಂದೆ, ನಿಂತಳು. ಇನ್ನು ಯಾವ ಮಾತು ಉಳಿದಿದೆ? ಅವಳು ಬಹಳ ಹೊತ್ತು ಯೋಚನೆ ಮಾಡಿ, "ಖರೇ ಹೇಳಿ ನೋಡಿದ್ರೇನು ಸೂಗಮ್ಮಗಾರೂ?" ಎಂದಳು. ದವಾಖಾನೆಯಲ್ಲಿ ಇದನ್ನು ಕಲಿಸಿರಲಿಕ್ಕಿಲ್ಲ, ತಾನೇ ಕಂಡುಹಿಡಿದಿರಬೇಕು.

ನಿಜ ಹೇಳುವುದು ಸುಲಭವಲ್ಲ. ಎಲ್ಲಿಂದ ಹಿಡಿಯಬೇಕು ಎಂದೇ ತಿಳಿಯುವುದಿಲ್ಲ, ಓಡುವ ಮೀನಿನ ಹಾಗೆ. ಆದ್ದರಿಂದ ಇಲ್ಲಿ ಒಮ್ಮೆ ಬರೆದು ರೂಢಿ ಮಾಡಿಕೊಳ್ಳುತ್ತೇನೆ. ಚಹಾ ಕುಡಿದು ಹೋಗಿ ಹೀಗೆಯೇ ಹೇಳುತ್ತೇನೆ, ಒಂದು ಅಕ್ಷರ ಬಿಡುವುದಿಲ್ಲ:

"ಸ್ನೇಹಾ, ಕೈಯಾಗಿನ ಕೆಲಸ ಬಿಡು, ನನ್ನ ಮಾರಿ ನೋಡು. ನಾ ಹೋಗು ಅಂದದ್ದು ನಿನ್ನ ನಿಲ್ಲಸಾಕ. ಹೋಗಬ್ಯಾಡ ಅಂದದ್ದು ನಿನ್ನ ಕಳಸಾಕ. ನಡುವ ಯಾವಾಗ ತಿರುಗಿದೆ ನನಗ ಗೊತ್ತಿಲ್ಲ, ಕೇಳಬ್ಯಾಡ. ನೀ ಹೋದರ ಮಧ್ಯಾಹ್ನ ಈ ಮನಿ ನನಗ ಬಾಯಿ ತೆಗೆದು ತಿನ್ನಾಕ ಬರ್ತೈತಿ. ಬರಲಿ. ನಾ ಸುಮ್ಮನ ತಿನಿಸಿಕೊಳ್ಳಾಕಿ ಏನು? ಸಂಜೀಕ ಬಂದು ಜಗಳಾಡು, ಹಗಲಿಂದೆಲ್ಲಾ ಕೂಡಿಸಿ ಇಟ್ಟಿರ್ತೀನಿ. ಕೈ ನಡುಗ್ತಾವ ಅಂತಿ. ಹೊಸಾಗಿ ಬಂದಾಗ ನಿನ್ನ ರೊಟ್ಟಿ ಹಂಚಿನ ಮ್ಯಾಲ ಬೀಳೂತನಕ ನಾಲ್ಕು ತುಂಡು ಆಗ್ತಿದ್ವು. ಆವಾಗೂ ಕೈ ನಡುಗ್ತಿದ್ವು, ಯಾಕಂದ್ರ ನಾ ಬಾಜೂಕ ನಿಂತಿರ್ತಿದ್ದೆ. ಆ ಕಾರ್ಖಾನ್ಯಾಗ ನಾ ಇರಂಗಿಲ್ಲ. ಇದಕಿಂತ ಆರಾಮ ಏನು ಬೇಕು ನಿನಗ? ಹೋಗು ಅಂತ ಹೇಳಂಗಿಲ್ಲ. ಇರು ಅಂತನೂ ಹೇಳಂಗಿಲ್ಲ. ಎರಡೂ ಹೇಳಿ ಸಾಕಾತು. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಆದ್ರ ನಿನ್ನ ಬಾಯಿಲೆ ಅನ್ನು, ನನ್ನ ಹೆಸರು ಅದರಾಗ ಕಾಣಬಾರದು. ಅಂಜಿ ಬರಂಗಿಲ್ಲ ಅಂತಿದ್ರ ಅಂಜಿಕಿ ಅಂತನ ಬರಿ. ಏನರೆ ಬರಿ, ಹಿಟ್ಟಿನ ಕೈ ತೊಳಕೊಂಡು ಕುಂತು ಬರಿ. ಫೆಬ್ರವರಿ ಹುಟ್ಟೋದರೊಳಗ ಅವರಿಗೆ ಉತ್ತರ ಹೋಗಬೇಕು."